ಸಣ್ಣ ಟ್ರಸ್ಟ್‌ನ ಕಾರ್ಯದರ್ಶಿ ಆಗಿದ್ದೇನೆ, ಮೊದಲು ಯಾವುದಕ್ಕೆ ಕೈ ಹಾಕಲಿ?

ನಮಸ್ಕಾರ. ನಿಮ್ಮ ಪ್ರಶ್ನೆಯ ತಿರುಳು ಇಷ್ಟು: ಕೊಪ್ಪಳ ಕಡೆ ನಾಲ್ಕು ಹಳ್ಳಿಗಳಲ್ಲಿ ಸಂಜೆ ಕಲಿಕಾ ಕೇಂದ್ರ, ಆರು ಜನ ಸಿಬ್ಬಂದಿ, ತಿಂಗಳ ಖರ್ಚು ಸುಮಾರು 1,20,000 ರೂಪಾಯಿ. ಟ್ರಸ್ಟ್ ಕಟ್ಟಿದ ಹಿರಿಯರು ವಯಸ್ಸಾಯಿತೆಂದು ಹಿಂದೆ ಸರಿದಿದ್ದಾರೆ, ಭಾರ ನಿಮ್ಮ ಹೆಗಲಿಗೆ ಬಂದಿದೆ. ಒಂದು ಕಂಪನಿಯ ಸಿಎಸ್‌ಆರ್ ಹಣ (ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡುವ ಹಣ) ಬರುತ್ತಿದ್ದರೂ ಸಂಬಳ ತಡವಾಗುತ್ತಿದೆ. ಯಾಕೆ ಹೀಗೆ, ಎಲ್ಲಿಂದ ಶುರು ಮಾಡಲಿ ಎಂದು ಕೇಳಿದ್ದೀರಿ.

ಹಣದ ಮಾತಿಗೆ ಮೊದಲು ಬೀಗದ ಕೈಗಳ ಮಾತು. ಹಿರಿಯರು ಆರೋಗ್ಯವಾಗಿ, ನಿಮ್ಮೊಂದಿಗೆ ಚೆನ್ನಾಗಿ ಇರುವಾಗಲೇ ಇದನ್ನು ಮುಗಿಸಿಕೊಳ್ಳಿ. ಬ್ಯಾಂಕ್ ಖಾತೆಯ ಸಹಿದಾರರು ಯಾರು? ಆದಾಯ ತೆರಿಗೆ ಪೋರ್ಟಲ್, ಸ್ವಯಂಸೇವಾ ಸಂಸ್ಥೆಗಳು ನೋಂದಾಯಿಸಿಕೊಳ್ಳುವ ನೀತಿ ಆಯೋಗದ ದರ್ಪಣ್ ಖಾತೆ, ಟ್ರಸ್ಟ್‌ನ ಇಮೇಲ್ ಇವುಗಳ ಓಟಿಪಿ ಯಾರ ಮೊಬೈಲಿಗೆ ಹೋಗುತ್ತದೆ? ಬಹುತೇಕ ಸಣ್ಣ ಸಂಸ್ಥೆಗಳಲ್ಲಿ ಎಲ್ಲವೂ ಒಬ್ಬರದೇ ಸ್ವಂತ ನಂಬರಿಗೆ ಅಂಟಿಕೊಂಡಿರುತ್ತವೆ. ಆ ಸಿಮ್ ಬಂದ್ ಆದ ದಿನ ರಿಟರ್ನ್ ಸಲ್ಲಿಸಲೂ ಆಗುವುದಿಲ್ಲ. ಟ್ರಸ್ಟ್ ಹೆಸರಿನಲ್ಲೇ ಒಂದು ಸಿಮ್ ತೆಗೆದುಕೊಂಡು ಎಲ್ಲ ಕಡೆ ಅದನ್ನೇ ಹಾಕಿಸಿ. ಬ್ಯಾಂಕಿಗೆ ಟ್ರಸ್ಟ್ ಡೀಡ್ ಪ್ರತಿ, ಸಹಿದಾರರ ಬದಲಾವಣೆಯ ಠರಾವಿನ ದೃಢೀಕೃತ ಪ್ರತಿ, ಹೊಸಬರ ಆಧಾರ್, ಪ್ಯಾನ್ ಬೇಕು. ಮೂವರು ಸಹಿದಾರರಿದ್ದು ಯಾವುದೇ ಇಬ್ಬರ ಸಹಿ ಸಾಕು ಎಂದಿರಲಿ. ಇಬ್ಬರೇ ಇದ್ದರೆ ಒಬ್ಬರು ಊರಿಗೆ ಹೋದಾಗ ಸಂಬಳ ನಿಲ್ಲುತ್ತದೆ. ಟ್ರಸ್ಟಿಗಳು ಬದಲಾಗುವುದಾದರೆ ಡೀಡ್‌ನಲ್ಲಿ ಅದಕ್ಕೆ ಯಾವ ಕ್ರಮ ಬರೆದಿದೆಯೋ ಅದೇ ಕ್ರಮದಲ್ಲಿ ನಡೆಯಬೇಕು. ಡೀಡ್ ಓದದೆ ಠರಾವು ಬರೆಯಬೇಡಿ.

ಈಗ ಹಣಕ್ಕೆ ಬರೋಣ. ಅನುದಾನ ಇದ್ದೂ ಸಂಬಳ ತಡವಾಗುತ್ತಿದ್ದರೆ ಕಾರಣ ಸಾಮಾನ್ಯವಾಗಿ ಒಂದೇ: ಬರುವ ಹಣವೆಲ್ಲ ಯಾವುದೋ ಒಂದು ಬಾಬ್ತಿಗೆ ಕಟ್ಟುಬಿದ್ದಿರುತ್ತದೆ, ನಿಮ್ಮ ಇಷ್ಟದಂತೆ ಬಳಸಬಹುದಾದ ಬಿಡಿ ಹಣ ಇರುವುದಿಲ್ಲ. ನೀವು ಕೊಟ್ಟ ಅಂಕಿಗಳನ್ನೇ ಹೀಗೆ ಹಂಚಿ ನೋಡಿ. ನಾಲ್ವರು ಕಲಿಕಾ ಸಂಗಾತಿಗಳಿಗೆ (ಕೇಂದ್ರದಲ್ಲಿ ಮಕ್ಕಳಿಗೆ ಕಲಿಸುವವರಿಗೆ) 9,000ದಂತೆ 36,000. ಪುಸ್ತಕ, ಹಾಳೆ, ಮಕ್ಕಳ ತಿಂಡಿ 20,000. ಕೋಣೆ ಬಾಡಿಗೆ, ಕರೆಂಟು 14,000. ಇವಿಷ್ಟು ನೇರ ಖರ್ಚು, 70,000. ಉಳಿದದ್ದು ಸಂಯೋಜಕರ ಸಂಬಳ 24,000, ಅರೆಕಾಲಿಕ ಲೆಕ್ಕಿಗರಿಗೆ 12,000, ಓಡಾಟ 8,000, ಆಡಿಟ್, ಫೋನು ಇತ್ಯಾದಿ 6,000, ಒಟ್ಟು 50,000. ಅಂದರೆ ಒಂದು ಕೇಂದ್ರದ ನಿಜವಾದ ತಿಂಗಳ ಖರ್ಚು 30,000. ಆದರೆ ಕಂಪನಿಗೆ ಕೊಟ್ಟ ಪ್ರಸ್ತಾವನೆಯಲ್ಲಿ ಕೇಂದ್ರಕ್ಕೆ ನೇರ ಖರ್ಚಾದ 17,500 ಮಾತ್ರ ಬರೆದಿರುತ್ತೇವೆ, 'ಆಡಳಿತ ಖರ್ಚು ಕೇಳಿದರೆ ಕೊಡಲಿಕ್ಕಿಲ್ಲ' ಎಂಬ ಸಂಕೋಚದಿಂದ. ನಾಲ್ಕೂ ಕೇಂದ್ರಗಳಿಗೆ ಅನುದಾನ ಪೂರ್ತಿ ಬಂದರೂ ತಿಂಗಳಿಗೆ 50,000, ವರ್ಷಕ್ಕೆ 6 ಲಕ್ಷ ಎಲ್ಲಿಂದಲೋ ತರಬೇಕು. ಇನ್ನೆರಡು ಹಳ್ಳಿಗೆ ವಿಸ್ತರಿಸಿ ಎಂದು ದಾನಿಗಳು ಖುಷಿಯಿಂದ ಹೇಳಿದಾಗ ಹಿಗ್ಗಬೇಡಿ. ಸಂಜೆ ಐದರಿಂದ ಏಳರೊಳಗೆ ಒಬ್ಬ ಸಂಯೋಜಕ ಆರು ಹಳ್ಳಿ ಸುತ್ತಲಾರ, ಇನ್ನೊಬ್ಬರು ಬೇಕಾಗುತ್ತಾರೆ, ಕೊರತೆ ಇನ್ನೂ ಹೆಚ್ಚುತ್ತದೆ.

ಮುಂದಿನ ಪ್ರಸ್ತಾವನೆಯಲ್ಲಿ 30,000ವನ್ನೇ ಬರೆಯಿರಿ, ಸಂಯೋಜಕರ ಮತ್ತು ಲೆಕ್ಕಿಗರ ವೇತನದ ಪಾಲನ್ನು ಕಾರ್ಯಕ್ರಮದ ಖರ್ಚಿನ ಒಳಗೇ ತೋರಿಸಿ. 'ಸಿಎಸ್‌ಆರ್ ನಿಯಮದಲ್ಲಿ ಆಡಳಿತ ಖರ್ಚು 5%ಗಿಂತ ಹೆಚ್ಚಿರಬಾರದು' ಎಂದು ಕಂಪನಿಯವರು ಹೇಳಬಹುದು. ಆ 5% ಮಿತಿ ಇರುವುದು ಕಂಪನಿ ತನ್ನ ಸಿಎಸ್‌ಆರ್ ವಿಭಾಗ ನಡೆಸಲು ಮಾಡುವ ಖರ್ಚಿಗೆ. ಒಂದು ಯೋಜನೆಯನ್ನು ನಡೆಸಲು, ಮೇಲ್ವಿಚಾರಣೆ ಮಾಡಲು ತಗಲುವ ನೇರ ಖರ್ಚು ಅದರಲ್ಲಿ ಸೇರುವುದಿಲ್ಲ. ಇದನ್ನು ವಿನಯದಿಂದ, ಬರವಣಿಗೆಯಲ್ಲಿ ಕೇಳಿ. ಒಪ್ಪದಿದ್ದರೂ ನಷ್ಟವಿಲ್ಲ, ಕೇಳದೇ ಇದ್ದರೆ ಖಂಡಿತ ನಷ್ಟ.

ಎರಡನೆಯದು ಕಂತಿನ ಸಮಯ. 10 ಲಕ್ಷದ ಒಪ್ಪಂದ 40, 40, 20ರ ಕಂತಿನಲ್ಲಿ ಇದೆ ಎಂದುಕೊಳ್ಳಿ. ಕಾಗದದ ಮೇಲೆ ಯೋಜನೆ ಏಪ್ರಿಲ್‌ನಿಂದ, ಸಹಿ ಆಗುವುದು ಜುಲೈನಲ್ಲಿ, ಮೊದಲ 4 ಲಕ್ಷ ಖಾತೆಗೆ ಬೀಳುವುದು ಆಗಸ್ಟ್‌ನಲ್ಲಿ. ಅಷ್ಟರಲ್ಲಿ ನಾಲ್ಕು ತಿಂಗಳಲ್ಲಿ ನಿಮ್ಮ 4,80,000 ಖರ್ಚಾಗಿರುತ್ತದೆ. ಕೊನೆಯ 20% ವರದಿ ಒಪ್ಪಿಗೆಯಾದ ಮೇಲೆ ಬರುವುದರಿಂದ ಆ 2 ಲಕ್ಷವನ್ನು ನೀವೇ ಮುಂಗಡ ಹಾಕಿ ಕಾಯಬೇಕು. ಹಾಗಾಗಿ ಒಪ್ಪಂದದ ಮಾತುಕತೆಯಲ್ಲಿ ಮೊತ್ತಕ್ಕಿಂತ ಕಂತಿನ ಬಗ್ಗೆ ಹೆಚ್ಚು ಪಟ್ಟು ಹಿಡಿಯಿರಿ: ಮೊದಲ ಕಂತು 50% ಇರಲಿ, ಕೊನೆಯದು 10% ಮೀರದಿರಲಿ, ಸಹಿಗೆ ಮುಂಚಿನ ಖರ್ಚು ಲೆಕ್ಕಕ್ಕೆ ಬರುತ್ತದೆಯೋ ಇಲ್ಲವೋ ಸ್ಪಷ್ಟವಾಗಿ ಬರೆದಿರಲಿ. ಹಣ ಬರುವ ಮೊದಲೇ ಯೋಜನೆಯ ಹೆಸರಿನಲ್ಲಿ ಹೊಸಬರನ್ನು ಕೆಲಸಕ್ಕೆ ಸೇರಿಸಿಕೊಳ್ಳಬೇಡಿ.

ಇದಕ್ಕೆ ಒಂದೇ ಹಾಳೆಯ ಪಟ್ಟಿ ಸಾಕು. ಎಡಗಡೆ ಹನ್ನೆರಡು ತಿಂಗಳು. ಪಕ್ಕದಲ್ಲಿ ನಾಲ್ಕು ಕಂಬ: ಆ ತಿಂಗಳ ಖರ್ಚು, ಖಚಿತವಾಗಿ ಬರುವ ಕಟ್ಟುಬಿದ್ದ ಹಣ, ಬಿಡಿ ಹಣ, ತಿಂಗಳ ಕೊನೆಗೆ ಉಳಿಯುವ ಬಿಡಿ ಹಣ. 'ಕೊಡುತ್ತೇವೆ ಎಂದಿದ್ದಾರೆ' ಎಂಬ ಹಣವನ್ನು ಎಲ್ಲೂ ಬರೆಯಬೇಡಿ. ಪ್ರತಿ ತಿಂಗಳು 5ನೇ ತಾರೀಖಿಗೆ ತುಂಬಿಸಿ ಟ್ರಸ್ಟಿಗಳಿಗೆಲ್ಲ ವಾಟ್ಸಾಪ್ ಮಾಡಿ. ಕೊನೆಯ ಕಂಬದ ಸಂಖ್ಯೆ ಎಷ್ಟು ತಿಂಗಳ ಸಂಬಳಕ್ಕೆ ಸಾಕು ಎನ್ನುವುದೊಂದನ್ನೇ ನೋಡುತ್ತಾ ಹೋದರೂ ಮೂರು ತಿಂಗಳು ಮುಂಚೆ ಅಪಾಯ ಕಾಣುತ್ತದೆ.

ಬಿಡಿ ಹಣ ಬರುವುದು ವ್ಯಕ್ತಿಗಳಿಂದ. ತಿಂಗಳಿಗೆ 50,000 ಬೇಕೆಂದರೆ 500ರಂತೆ ಕೊಡುವ 100 ಜನ ಬೇಕು. ನಿಮ್ಮ ಹಳ್ಳಿಗಳಿಂದ ಬೆಂಗಳೂರು, ಹುಬ್ಬಳ್ಳಿ ಸೇರಿದ ನೌಕರರು, ನಿವೃತ್ತ ಮೇಷ್ಟ್ರುಗಳು, ಊರಿನ ಅಂಗಡಿಯವರು, ಇವರಿಂದಲೇ ಶುರು ಮಾಡಿ. ಯುಪಿಐ ಆಟೋಪೇ ಇಟ್ಟರೆ ಅನುಕೂಲ, ಆದರೆ ಖಾತೆಯಲ್ಲಿ ಹಣವಿಲ್ಲದೆ ಕೆಲವು ಪ್ರತಿ ತಿಂಗಳು ವಾಪಸಾಗುತ್ತವೆ, ಆ ಪಟ್ಟಿ ನೋಡಿ ಒಂದು ಫೋನ್ ಮಾಡುವ ಕೆಲಸ ಯಾರದ್ದೆಂದು ಗೊತ್ತುಮಾಡಿ. ತೆರಿಗೆ ವಿನಾಯಿತಿಯ ಆಸೆ ತೋರಿಸಿ ದಾನ ಕೇಳುವುದು ಈಗ ಅಷ್ಟು ನಡೆಯದು: ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗೆ ದಾನದ ಮೇಲಿನ 80ಜಿ ತೆರಿಗೆ ಕಡಿತ ಸಿಗುವುದೇ ಇಲ್ಲ. ಮಗು ಜೂನ್‌ನಲ್ಲಿ ಅಕ್ಷರ ಕೂಡಿಸುತ್ತಿತ್ತು, ಡಿಸೆಂಬರ್‌ನಲ್ಲಿ ವಾಕ್ಯ ಓದುತ್ತಿದೆ ಎಂಬ ನಾಲ್ಕು ಸಾಲು ಹೆಚ್ಚು ಕೆಲಸ ಮಾಡುತ್ತದೆ. ಹೆಸರು, ಫೋಟೋ ಮಾತ್ರ ಹಾಕಬೇಡಿ, ಅದು ಮಗುವಿನ ಮರ್ಯಾದೆಯ ಪ್ರಶ್ನೆ.

ಅಮೆರಿಕದಲ್ಲಿರುವ ಊರಿನವರು ಕೊಡುತ್ತೇವೆ ಎಂದರೆ ಒಂದು ಪ್ರಶ್ನೆ ಕೇಳಲೇಬೇಕು: ಈಗ ಯಾವ ದೇಶದ ಪಾಸ್‌ಪೋರ್ಟ್? ಭಾರತದ ಪೌರತ್ವ ಇರುವ ಎನ್‌ಆರ್‌ಐ ತನ್ನ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆ ಅಲ್ಲ. ಒಸಿಐ ಕಾರ್ಡಿನವರು (ಬೇರೆ ದೇಶದ ಪೌರತ್ವ ಇರುವ ಭಾರತ ಮೂಲದವರು) ಕಾನೂನಿನ ಕಣ್ಣಲ್ಲಿ ವಿದೇಶಿಯರು. ಅವರ ಒಂದು ಸಾವಿರ ರೂಪಾಯಿಯನ್ನೂ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ಅನುಮತಿಯಿಲ್ಲದೆ ಮುಟ್ಟುವಂತಿಲ್ಲ. ಅಕ್ಕರೆಯಿಂದ ಕೊಟ್ಟದ್ದೇ ಸಂಸ್ಥೆಗೆ ಮುಳುವಾಗಬಾರದು.

ದಾನಿಗಳ ಹೆಸರು, ವಿಳಾಸ, ಪ್ಯಾನ್ ಅನ್ನು ಹಣ ಬಂದ ದಿನವೇ ಬರೆದುಕೊಳ್ಳಿ. ವರ್ಷ ಮುಗಿದು ಮೇ 31ರೊಳಗೆ ದಾನಗಳ ವಿವರ ಕೊಡುವ ಫಾರಂ 10ಬಿಡಿಯನ್ನು ಆದಾಯ ತೆರಿಗೆ ಇಲಾಖೆಗೆ ಸಲ್ಲಿಸಬೇಕು, ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕ. 2,000 ರೂಪಾಯಿ ಮೀರಿದ ನಗದು ದಾನಕ್ಕೆ 80ಜಿ ಸಿಗುವುದಿಲ್ಲ. ನೀವು ಒಬ್ಬರಿಗೆ ಒಂದೇ ದಿನ 10,000ಕ್ಕಿಂತ ಹೆಚ್ಚು ನಗದು ಕೊಟ್ಟರೆ ಆ ಖರ್ಚು ಧರ್ಮಕಾರ್ಯಕ್ಕೆ ಬಳಸಿದ ಹಣವೆಂದು ಲೆಕ್ಕಕ್ಕೆ ಬರುವುದಿಲ್ಲ. (2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ. ಸೆಕ್ಷನ್ ಸಂಖ್ಯೆಗಳು ಬದಲಾದರೂ ಜನರ ಬಾಯಲ್ಲಿರುವುದು ಹಳೆಯವೇ, ಅವನ್ನೇ ಬಳಸಿದ್ದೇನೆ. ಫಾರಂ ಸಂಖ್ಯೆಯನ್ನು ಆಡಿಟರ್ ಹತ್ತಿರ ಖಚಿತಪಡಿಸಿಕೊಳ್ಳಿ.)

ಇಂದೇ ನೋಡಬೇಕಾದ ಇನ್ನೊಂದು ಕಾಗದ ನಿಮ್ಮ 12ಎಬಿ (ಟ್ರಸ್ಟ್‌ನ ಆದಾಯಕ್ಕೆ ತೆರಿಗೆ ವಿನಾಯಿತಿ ಕೊಡುವ ನೋಂದಣಿ) ಮತ್ತು 80ಜಿ ಆದೇಶ. 2021ರಲ್ಲಿ ಮರುನೋಂದಣಿ ಆದ ಹಳೆಯ ಟ್ರಸ್ಟ್‌ಗಳ ಪೈಕಿ ಬಹಳಷ್ಟರ ಅವಧಿ 2026ರ ಮಾರ್ಚ್ 31ಕ್ಕೆ ಮುಗಿಯುವಂತಿತ್ತು. ನವೀಕರಣಕ್ಕೆ ಅವಧಿ ಮುಗಿಯುವ ಕನಿಷ್ಠ ಆರು ತಿಂಗಳು ಮುಂಚೆ ಅರ್ಜಿ ಹಾಕಬೇಕು. 2025ರ ತಿದ್ದುಪಡಿಯಿಂದ, ಹಿಂದಿನ ಎರಡು ವರ್ಷ ಆದಾಯ 5 ಕೋಟಿ ದಾಟದ ಟ್ರಸ್ಟ್‌ಗಳಿಗೆ 12ಎಬಿ 10 ವರ್ಷಕ್ಕೆ ಸಿಗುತ್ತದೆ, 80ಜಿ ಮಾತ್ರ 5 ವರ್ಷಕ್ಕೇ. ಎರಡರ ತಾರೀಖೂ ಬೇರೆ ಬೇರೆಯಾಗುವುದರಿಂದ ಒಂದನ್ನು ಮರೆಯುವ ಸಂಭವ ಜಾಸ್ತಿ. 12ಎಬಿ ನವೀಕರಿಸದೆ ಬಿಟ್ಟರೆ ಟ್ರಸ್ಟ್‌ನ ನಿವ್ವಳ ಆಸ್ತಿಯ ಮೇಲೇ ಗರಿಷ್ಠ ದರದಲ್ಲಿ ತೆರಿಗೆ ಬೀಳಬಹುದು. ಅವೆರಡೂ ಇಲ್ಲದೆ ಸಿಎಸ್‌ಆರ್ ಹಣವೂ ಸಿಗದು.

ಮೀಸಲು ನಿಧಿ ಬಗ್ಗೆ ಒಂದು ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಹಣ ಉಳಿದರೆ ತಪ್ಪು ಎಂದು ಮಾರ್ಚ್‌ನಲ್ಲಿ ಬೇಡದ ಕುರ್ಚಿ, ಬ್ಯಾನರ್ ಕೊಂಡುಬಿಡುತ್ತಾರೆ. ವರ್ಷದ ಆದಾಯದ 85% ಖರ್ಚು ಮಾಡಿ ಉಳಿದ 15% ಇಟ್ಟುಕೊಳ್ಳಲು ಕಾಯ್ದೆಯೇ ಬಿಟ್ಟಿದೆ. ಆದರೆ ಆ ಉಳಿತಾಯ ಬಿಡಿ ಹಣದಿಂದ ಬರಬೇಕು, ಕಂಪನಿಯ ಯೋಜನೆಯ ಹಣದಿಂದಲ್ಲ. ಮೂರು ತಿಂಗಳ ಖರ್ಚು, ಅಂದರೆ 3,60,000, ಒಂದು ಎಫ್‌ಡಿಯಲ್ಲಿ ಇರುವುದು ನಿಮ್ಮ ಗುರಿಯಾಗಲಿ. ಮಾರ್ಚ್ 28ಕ್ಕೆ ದೊಡ್ಡ ಕಂತು ಬಂದರೆ ಮೂರು ದಿನದಲ್ಲಿ ಮುಗಿಸಲು ಓಡಾಡಬೇಡಿ, ಮುಂದಿನ ವರ್ಷ ಬಳಸುತ್ತೇವೆ ಎಂದು ಫಾರಂ 9ಎ, ಅಥವಾ ನಿರ್ದಿಷ್ಟ ಉದ್ದೇಶಕ್ಕೆ ಕೂಡಿಡಲು ಫಾರಂ 10 ಸಲ್ಲಿಸುವ ದಾರಿ ಇದೆ. ಸೆಪ್ಟೆಂಬರ್ ಆಡಿಟ್‌ಗೆ ಕಾಯದೆ ಏಪ್ರಿಲ್‌ನಲ್ಲೇ ಆಡಿಟರ್‌ಗೆ ಹೇಳಿ.

ವೋಚರ್‌ಗಳದ್ದು ಸಣ್ಣ ವಿಷಯ ಅನ್ನಿಸುತ್ತದೆ, ಆದರೆ ಕಂತು ತಡೆಹಿಡಿಯುವುದು ಅಲ್ಲೇ. ಹಳ್ಳಿ ಅಂಗಡಿಯಲ್ಲಿ ಶೇಂಗಾ ಚಿಕ್ಕಿ ತಂದರೆ ಬಿಲ್ ಕೊಡುವುದಿಲ್ಲ. ನಿಮ್ಮದೇ ವೋಚರಿನಲ್ಲಿ 'ಶೇಂಗಾ ಚಿಕ್ಕಿ 40, ದರ 5, ಒಟ್ಟು 200', ತಾರೀಖು, ಕೇಂದ್ರ, ಅಂಗಡಿಯವರ ಹೆಸರು, ಸಹಿ ಬರೆಸಿ, ಫೋನ್‌ಪೇ ಸ್ಕ್ರೀನ್‌ಶಾಟ್ ಪ್ರಿಂಟ್ ಅಂಟಿಸಿ. ಅದೇ ದಿನ ಹಾಜರಿ ಪುಸ್ತಕದಲ್ಲಿ 31 ಮಕ್ಕಳಿದ್ದರೆ ಉಳಿದ ಒಂಬತ್ತು ಎಲ್ಲಿ ಹೋಯಿತು ಎಂದು ಆಡಿಟರ್ ಕೇಳುತ್ತಾರೆ, 'ಮರುದಿನಕ್ಕೆ ಇಟ್ಟಿದೆ' ಎಂಬ ಎರಡು ಪದ ಅಂದೇ ಬರೆದಿದ್ದರೆ ಮುಗಿಯಿತು. ಪೆಟ್ರೋಲ್ ಬಂಕಿನ ನಯವಾದ ಚೀಟಿಯ ಅಕ್ಷರ ಬೇಸಿಗೆ ಕಳೆಯುವುದರೊಳಗೆ ಮಾಸಿಹೋಗುತ್ತದೆ, ಅವತ್ತೇ ಜೆರಾಕ್ಸ್ ಮಾಡಿಸಿಡಿ.

ಕೋಣೆ ಯಾರದ್ದು ಎಂಬುದನ್ನೂ ನೋಡಿ. ಹಳ್ಳಿಯಲ್ಲಿ ಟ್ರಸ್ಟಿಯ ತಮ್ಮನ ಮನೆಯ ಮುಂಭಾಗವೇ ಕೇಂದ್ರವಾಗಿರುವುದು ಸಾಮಾನ್ಯ. ಟ್ರಸ್ಟಿಯ ಸಂಬಂಧಿಕರಿಗೆ ಊರಿನ ದರಕ್ಕಿಂತ ಹೆಚ್ಚು ಬಾಡಿಗೆ ಹೋದರೆ ತೆರಿಗೆ, ದಂಡ ಎರಡೂ ಬರುತ್ತವೆ. ಅಕ್ಕಪಕ್ಕದ ಎರಡು ಕೋಣೆಗಳ ಬಾಡಿಗೆ ವಿಚಾರಿಸಿ ಬರೆದಿಡಿ, ಆ ಠರಾವಿಗೆ ಸಂಬಂಧಪಟ್ಟ ಟ್ರಸ್ಟಿ ಮತ ಹಾಕದಿರಲಿ.

ಟ್ರಸ್ಟಿಗಳಿಗೆ ಸಹಿ ಹಾಕುವುದಷ್ಟೇ ಕೆಲಸವಾಗದಿರಲಿ. ಒಬ್ಬರು ಪ್ರತಿ ತಿಂಗಳು ಬ್ಯಾಂಕ್ ಸ್ಟೇಟ್‌ಮೆಂಟ್ ಓದಲಿ, ಒಬ್ಬರು ಹೇಳದೆ ಕೇಂದ್ರಕ್ಕೆ ಹೋಗಿ ಬರಲಿ. ಮಕ್ಕಳ ನಡುವೆ ಕೆಲಸ ಮಾಡುವವರೆಲ್ಲರಿಗೂ ಪೋಕ್ಸೋ ಕಾಯ್ದೆಯಡಿ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ದೂರು ತಿಳಿಸುವ ಹೊಣೆ ಇದೆ ಎಂದು ಹೇಳಿಕೊಡಿ. ಸಂದೇಹ ಬಂದರೂ ಪೊಲೀಸರಿಗೆ ತಿಳಿಸಬೇಕು, 'ಊರಲ್ಲೇ ಮಾತಾಡಿ ಮುಗಿಸೋಣ' ಎನ್ನುವಂತಿಲ್ಲ.

ಸಂಗಾತಿಗಳು ಬಿಟ್ಟುಹೋಗುತ್ತಾರೆ, ಮದುವೆ, ಅಂಗನವಾಡಿ ಕೆಲಸ, ಶಾಲೆಯ ಅತಿಥಿ ಶಿಕ್ಷಕರ ಹುದ್ದೆ, ಕಾರಣ ಏನೇ ಇರಲಿ. ಪ್ರತಿ ಹಳ್ಳಿಯಲ್ಲೂ ಇನ್ನೊಬ್ಬರನ್ನು ತಿಂಗಳಿಗೆ ಎರಡು ದಿನ ಸಂಭಾವನೆ ಕೊಟ್ಟು ಕರೆಸಿ, ಮಕ್ಕಳಿಗೂ ಮುಖ ಪರಿಚಯವಿರಲಿ. ಹಣ ತಡವಾಗುವ ತಿಂಗಳು 1ನೇ ತಾರೀಖಿಗೆ ಮೊದಲೇ ಸಿಬ್ಬಂದಿಗೆ ಹೇಳಿ, ಮೊದಲು 9,000ದವರಿಗೆ ಕೊಡಿ, ಆಮೇಲೆ ಉಳಿದವರಿಗೆ. 9,000 ನೆಚ್ಚಿಕೊಂಡ ಮನೆಯಲ್ಲಿ ಹತ್ತು ದಿನ ತಡವಾದರೂ ಸ್ವಸಹಾಯ ಸಂಘದ ಕಂತು ತಪ್ಪುತ್ತದೆ.

ಇಷ್ಟೆಲ್ಲ ಮಾಡಿಯೂ ಬಿಡಿ ಹಣ ಎರಡು ತಿಂಗಳಿಗಿಂತ ಕೆಳಗಿಳಿದರೆ, ನಾಲ್ಕನ್ನೂ ಅರೆಬರೆ ನಡೆಸುವ ಬದಲು ಒಂದು ಕೇಂದ್ರ ಮುಚ್ಚುವ ತೀರ್ಮಾನ ಮಾಡಿ. ವರ್ಷದ ನಡುವೆ ಬೇಡ, ಶಾಲೆಯ ಪರೀಕ್ಷೆ ಮುಗಿದ ಮೇಲೆ. ಒಂದೂವರೆ ತಿಂಗಳು ಮುಂಚೆ ಪಾಲಕರ ಸಭೆ ಕರೆದು ನೀವೇ ಹೇಳಿ, ಸಂಗಾತಿಗೆ ಬಾಕಿ ಪೂರ್ತಿ ಚುಕ್ತಾ ಮಾಡಿ, ಪುಸ್ತಕಗಳನ್ನು ಪಟ್ಟಿ ಮಾಡಿ ಪಂಚಾಯ್ತಿಯ ಅರಿವು ಕೇಂದ್ರಕ್ಕೆ (ಗ್ರಂಥಾಲಯಕ್ಕೆ) ಕೊಟ್ಟು ಸ್ವೀಕೃತಿ ಪತ್ರ ತೆಗೆದುಕೊಳ್ಳಿ. ಆ ಹಳ್ಳಿಯ ಮಕ್ಕಳು ಸಂಜೆ ಅಲ್ಲಿಗೆ ಹೋಗಿ ಅದೇ ಪುಸ್ತಕ ಓದಬಹುದು.