ಬಯೋಟಿನ್ ಮಾತ್ರೆಯಲ್ಲಿ ದೇಹ ಬಳಸಿಕೊಳ್ಳುವುದೆಷ್ಟು?

ಪ್ರಶ್ನೆ: ಕೂದಲು ಉದುರುತ್ತದೆಂದು ನಾಲ್ಕು ತಿಂಗಳಿಂದ ದಿನಕ್ಕೊಂದರಂತೆ 10 ಮಿಲಿಗ್ರಾಂನ ಬಯೋಟಿನ್ (ಬಿ7 ವಿಟಮಿನ್) ಮಾತ್ರೆಯನ್ನು ನಾನಾಗಿಯೇ ತಂದು ನುಂಗುತ್ತಿದ್ದೇನೆ. ಬೆಳಿಗ್ಗೆ ಹಾಲಿಗೆ ಹಸಿ ಮೊಟ್ಟೆ ಒಡೆದು ಹಾಕಿಕೊಂಡು ಕುಡಿಯುವ ರೂಢಿಯೂ ಇದೆ. ಇದೆಲ್ಲ ಮೈಗೆ ಹತ್ತುತ್ತದೆಯೆ? ಮುಂದಿನ ವಾರ ಥೈರಾಯ್ಡ್ ಪರೀಕ್ಷೆಯಿದೆ.
– ಓದುಗರೊಬ್ಬರು, ಹಾಸನ

ಉತ್ತರ: ಹೀರಿಕೊಳ್ಳುವುದಕ್ಕೆ ತೊಂದರೆಯಿಲ್ಲ, ಬಳಸಿಕೊಳ್ಳುವುದಕ್ಕೆ ಮಿತಿಯಿದೆ. ಆಹಾರದಲ್ಲಿರುವ ಬಯೋಟಿನ್ ಬಹುಪಾಲು ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಜೀರ್ಣರಸಗಳು ಆ ಪ್ರೋಟೀನನ್ನು ತುಂಡರಿಸಿದ ಮೇಲೆ ಬಯೋಟಿನಿಡೇಸ್ ಎಂಬ ಕಿಣ್ವವು ಬಯೋಟಿನನ್ನು ಬಿಡಿಸುತ್ತದೆ. ಹಾಗೆ ಬಿಡಿಯಾದದ್ದನ್ನು ಸಣ್ಣ ಕರುಳಿನ ಗೋಡೆಯಲ್ಲಿರುವ ಸಾಗಣೆ ಪ್ರೋಟೀನೊಂದು ಸೋಡಿಯಂ ಜೊತೆಯಲ್ಲಿ ಒಳಕ್ಕೆ ಸೆಳೆದುಕೊಳ್ಳುತ್ತದೆ. ಮಾತ್ರೆಯಲ್ಲಿರುವುದು ಮೊದಲೇ ಬಿಡಿಯಾದ ಬಯೋಟಿನ್ ಆದ್ದರಿಂದ ಅದು ಹೆಚ್ಚುಕಡಿಮೆ ಪೂರ್ತಿಯಾಗಿ ರಕ್ತಕ್ಕೆ ಸೇರುತ್ತದೆ.

ಆದರೆ ನಮ್ಮ ದೇಹದಲ್ಲಿ ಬಯೋಟಿನ್ ಬೇಡುವ ಕಿಣ್ವಗಳು ಐದೇ. ಕೊಬ್ಬಿನಾಮ್ಲಗಳನ್ನು ಕಟ್ಟುವಾಗ, ಹೊಟ್ಟೆ ಖಾಲಿಯಿದ್ದಾಗ ಯಕೃತ್ತು ಗ್ಲೂಕೋಸ್ ತಯಾರಿಸುವಾಗ, ಲ್ಯೂಸಿನ್‌ನಂತಹ ಅಮೈನೊ ಆಮ್ಲಗಳನ್ನು ಒಡೆಯುವಾಗ ಈ ಕಿಣ್ವಗಳಿಗೆ ಅಂಟಿಕೊಂಡ ಬಯೋಟಿನ್ ಇಂಗಾಲದ ಒಂದು ತುಣುಕನ್ನು ಹೊತ್ತು ಇನ್ನೊಂದು ಅಣುವಿಗೆ ದಾಟಿಸುತ್ತದೆ. ಕಿಣ್ವ ಹಳತಾಗಿ ಒಡೆದಾಗ ಮೇಲೆ ಹೇಳಿದ ಬಯೋಟಿನಿಡೇಸೇ ಅದನ್ನು ಬಿಡಿಸಿ ಮರುಬಳಕೆಗೆ ಒದಗಿಸುತ್ತದೆ. ಇಷ್ಟು ಜಿಪುಣ ವ್ಯವಸ್ಥೆಗೆ ಹೆಚ್ಚು ಸರಕು ಬೇಕಾಗುವುದಿಲ್ಲ: ಅಮೆರಿಕದ ತಜ್ಞರು 1998ರಲ್ಲಿ ವಯಸ್ಕರಿಗೆ ಸೂಚಿಸಿದ್ದು ದಿನಕ್ಕೆ 30 ಮೈಕ್ರೊಗ್ರಾಂ. ನಿಮ್ಮ ಮಾತ್ರೆಯಲ್ಲಿರುವುದು 10,000 ಮೈಕ್ರೊಗ್ರಾಂ! ಹೆಚ್ಚಾದದ್ದು ಮೂತ್ರದಲ್ಲಿ ಹೋಗುತ್ತದೆ. ಕೊರತೆಯಿಲ್ಲದವರಿಗೆ ಇದರಿಂದ ಕೂದಲು ಬೆಳೆಯುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ.

ಹಸಿ ಮೊಟ್ಟೆಯ ಬಿಳಿಭಾಗದಲ್ಲಿ ಏವಿಡಿನ್ ಎಂಬ ಪ್ರೋಟೀನಿದ್ದು, ಅದು ಬಯೋಟಿನನ್ನು ಕರುಳು ಬಿಡಿಸಿಕೊಳ್ಳಲಾರದಷ್ಟು ಬಿಗಿಯಾಗಿ ಹಿಡಿಯುತ್ತದೆ. ನಿಮ್ಮ ಮಾತ್ರೆಯನ್ನೆಲ್ಲ ಕಟ್ಟಿಹಾಕುವಷ್ಟು ಏವಿಡಿನ್ ಒಂದು ಮೊಟ್ಟೆಯಲ್ಲಿಲ್ಲ, ನಿಜ. ಆದರೆ ಮೊಟ್ಟೆಯ ಸ್ವಂತ ಬಯೋಟಿನ್ ಮಾತ್ರ ವ್ಯರ್ಥವಾಗುತ್ತದೆ. ಬೇಯಿಸಿದರೆ ಏವಿಡಿನ್ ಕೆಟ್ಟು, ಒಂದು ಮೊಟ್ಟೆಯಿಂದ ಸುಮಾರು 10 ಮೈಕ್ರೊಗ್ರಾಂ ದೊರೆಯುತ್ತದೆ.

ನನಗೆ ಹೆಚ್ಚು ಚಿಂತೆಯಾದದ್ದು ನಿಮ್ಮ ಕೊನೆಯ ವಾಕ್ಯ. ಅನೇಕ ಪ್ರಯೋಗಾಲಯಗಳ ಥೈರಾಯ್ಡ್ ಪರೀಕ್ಷೆಗಳು ಏವಿಡಿನ್ನಿನಂಥ ಪ್ರೋಟೀನಿಗೆ ಬಿಗಿಯಾಗಿ ಅಂಟಿಕೊಳ್ಳುವ ಬಯೋಟಿನ್ನಿನ ಗುಣವನ್ನೇ ಬಳಸುತ್ತವೆ. ರಕ್ತದಲ್ಲಿ ಅದು ತುಂಬಿಕೊಂಡಿದ್ದರೆ ಥೈರಾಯ್ಡನ್ನು ಪ್ರಚೋದಿಸುವ ಹಾರ್ಮೋನಾದ ಟಿಎಸ್‌ಎಚ್ ಕಡಿಮೆಯಾಗಿಯೂ ಥೈರಾಯ್ಡ್ ಸ್ರವಿಸುವ ಹಾರ್ಮೋನಾದ ಟಿ4 ಹೆಚ್ಚಾಗಿಯೂ ಕಾಣಿಸಿ, ಆರೋಗ್ಯವಂತರಿಗೂ ಥೈರಾಯ್ಡ್ ಅತಿಸ್ರಾವದ ಹಣೆಪಟ್ಟಿ ಬೀಳಬಹುದು. ಹೃದಯಾಘಾತ ಪತ್ತೆಮಾಡುವ ಟ್ರೋಪೋನಿನ್ ಪರೀಕ್ಷೆಯೂ ಹೀಗೆ ತಪ್ಪಬಹುದೆಂದು ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲಿ ಎಚ್ಚರಿಸಿತ್ತು. ರಕ್ತ ಕೊಡುವುದಕ್ಕೆ ಕನಿಷ್ಠ ಎರಡು ದಿನ ಮೊದಲೇ ಮಾತ್ರೆ ನಿಲ್ಲಿಸಿ. ನಾಲ್ಕು ತಿಂಗಳು ನುಂಗಿದ ಸಂಗತಿಯನ್ನು ವೈದ್ಯರಿಗೂ ಪ್ರಯೋಗಾಲಯದವರಿಗೂ ತಪ್ಪದೆ ತಿಳಿಸಿ.