ಕಪ್ಪು ಹೆಲ್ಮೆಟ್ ಹಾಕಿ ಓಡಿಸಿದ ಸಾವಿರ ಕಿಲೋಮೀಟರ್

ಪ್ರಶ್ನೆ: 2013ರಲ್ಲಿ ಫಾರ್ಮುಲಾ ಒನ್‌ನ ಮರ್ಸಿಡಿಸ್ ತಂಡ ಟೈರ್ ಕಂಪನಿ ಪಿರೆಲ್ಲಿ ಜೊತೆ ಗುಟ್ಟಾಗಿ ಟೈರ್ ಟೆಸ್ಟ್ ಮಾಡಿ ಸಿಕ್ಕಿಬಿತ್ತು. ಆದರೂ ಪಾಯಿಂಟ್ ಕಳೆಯಲಿಲ್ಲ, ಬರೀ ಛೀಮಾರಿ ಹಾಕಿ ಬಿಟ್ಟರು. ಅದೇ ವರ್ಷ ಟೆಸ್ಟ್ ಮಾಡಿದ್ದ ಫೆರಾರಿಗೆ ಅದೂ ಇಲ್ಲ. ಇದ್ಯಾವ ನ್ಯಾಯ? ಹೇಗೂ ಯಾವ ಟೈರ್ ಅಂತ ತಂಡಕ್ಕೆ ಹೇಳಿರಲಿಲ್ಲವಂತೆ, ಹಾಗಾದರೆ ಮರ್ಸಿಡಿಸ್‌ಗೆ ಲಾಭವಾದರೂ ಏನು?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಫೆರಾರಿ ವಿಷಯ ಮೊದಲು ಮುಗಿಸಿಬಿಡೋಣ. ಸೀಸನ್ ನಡುವೆ ಟೆಸ್ಟ್ ಮಾಡಬಾರದು ಅನ್ನುವ ಆಗಿನ ನಿಯಮ ಆ ವರ್ಷದ ಕಾರಿಗೆ, ಹಿಂದಿನ ಅಥವಾ ಮುಂದಿನ ವರ್ಷದ ಕಾರನ್ನು ಬಹುಪಾಲು ಹೋಲುವ ಕಾರಿಗೆ ಮಾತ್ರ. ಫೆರಾರಿ ಓಡಿಸಿದ್ದು 2011ರ ಹಳೇ ಕಾರು. ಹಾಗಾಗಿ ಈ ರೇಸ್‌ಗಳ ನಿಯಮ ಮಾಡುವ ಸಂಸ್ಥೆ ಎಫ್‌ಐಎ ಆ ಕೇಸನ್ನು ಅಲ್ಲಿಗೇ ಮುಚ್ಚಿತು.

ಮರ್ಸಿಡಿಸ್ ಹಾಗಲ್ಲ. ಮೇ 12ಕ್ಕೆ ಬಾರ್ಸಿಲೋನಾದಲ್ಲಿ ರೇಸ್ ಮುಗಿಯಿತು. ಪೋಲ್‌ನಿಂದ, ಅಂದರೆ ಎಲ್ಲರಿಗಿಂತ ಮುಂದಿನ ಜಾಗದಿಂದ ಹೊರಟ ರೋಸ್‌ಬರ್ಗ್ ಆರನೆಯವರು, ಹ್ಯಾಮಿಲ್ಟನ್ ಹನ್ನೆರಡನೆಯವರು. ಟೈರ್ ಬೇಗ ಸವೆಯುವುದೇ ಆ ಕಾರಿನ ದೊಡ್ಡ ತಲೆನೋವಾಗಿತ್ತು. ಆಮೇಲೆ 15ರಿಂದ 17ರವರೆಗೆ ಅದೇ ಟ್ರ್ಯಾಕ್‌ನಲ್ಲಿ, ಅದೇ ವರ್ಷದ ಕಾರಿನಲ್ಲಿ, ಅದೇ ಇಬ್ಬರು ಡ್ರೈವರ್‌ಗಳು ಸುಮಾರು 1,000 ಕಿ.ಮೀ. ಓಡಿಸಿದರು. ಒಂದು ರೇಸ್ ಅಂದರೆ 300 ಕಿ.ಮೀ. ಚಿಲ್ಲರೆ. ಲೆಕ್ಕ ನೀವೇ ಹಾಕಿ. ಇಬ್ಬರೂ ತಮ್ಮ ಬಣ್ಣದ ಹೆಲ್ಮೆಟ್ ಬಿಟ್ಟು ಬರೀ ಕಪ್ಪು ಹೆಲ್ಮೆಟ್ ಹಾಕಿದ್ದರು. ಅಭಿಮಾನಿಗಳು ಮುತ್ತಿಕೊಳ್ಳಬಾರದು ಅಂತ ಹಾಗೆ ಮಾಡಿದ್ದು ಅಂತ ತಂಡ ಹೇಳಿತು. ನನಗಂತೂ ಈ ಮಾತು ಗಂಟಲಲ್ಲಿ ಇಳಿಯುವುದಿಲ್ಲ. ಮೊನಾಕೊ ರೇಸ್ ಹೊತ್ತಿಗೆ ಸುದ್ದಿ ಹೊರಬಿತ್ತು. ರೆಡ್ ಬುಲ್, ಫೆರಾರಿ ತಂಡಗಳು ದೂರು ಕೊಟ್ಟವು, ಎಫ್‌ಐಎ ಕೇಸು ಹಾಕಿತು.

ಇನ್ನು ಲಾಭದ ಮಾತು. ಟೈರ್ ಯಾವುದು ಅಂತ ಹೇಳದೇ ಇದ್ದರೂ ಕಾರಿನ ಸೆನ್ಸರ್‌ಗಳು ಸುಮ್ನೆ ಇರುತ್ತವಾ? ಯಾವ ತಿರುವಿನಲ್ಲಿ ಹಿಂದಿನ ಚಕ್ರ ಬಿಸಿಯಾಯಿತು, ಯಾವ ಭಾಗ ಎಷ್ಟು ತಾಳಿಕೊಂಡಿತು, ಎಲ್ಲ ಕಂಪ್ಯೂಟರ್‌ಗೆ ಬರುತ್ತದೆ. ಮ್ಯಾಚ್ ಆಡಿದ ಪಿಚ್‌ನಲ್ಲೇ ಒಂದು ತಂಡಕ್ಕೆ ಮಾತ್ರ ಇನ್ನೂ ಮೂರು ದಿನ ನೆಟ್ಸ್ ಸಿಕ್ಕ ಹಾಗೆ. ಬೌಲರ್ ಯಾರು ಅಂತ ಗೊತ್ತಿಲ್ಲದಿದ್ದರೂ ಪಿಚ್ ಗೊತ್ತಾಗುತ್ತೆ ಅಲ್ವಾ?

ಹಾಗಿದ್ದರೂ ಶಿಕ್ಷೆ ಯಾಕೆ ಕಡಿಮೆ? ಮರ್ಸಿಡಿಸ್ ಕೇಳದೇ ಮಾಡಿದ್ದಲ್ಲ, ಅದಕ್ಕೇ. ಎಫ್‌ಐಎ ರೇಸ್ ಡೈರೆಕ್ಟರ್ ಚಾರ್ಲಿ ವೈಟಿಂಗ್ ಅವರನ್ನು ಮೊದಲೇ ಕೇಳಿದ್ದರು. ಅವರು ಪೂರ್ತಿ ಬೇಡ ಅನ್ನಲಿಲ್ಲ. ಎಲ್ಲ ತಂಡಗಳಿಗೂ ಅವಕಾಶ ಇರಬೇಕು ಅನ್ನುವ ಷರತ್ತು ಹಾಕಿದ್ದರು. ಆ ಷರತ್ತೇ ಪಾಲನೆಯಾಗಲಿಲ್ಲ. ಜೂನ್ 20ಕ್ಕೆ ಪ್ಯಾರಿಸ್‌ನಲ್ಲಿ ವಿಚಾರಣೆ ನಡೆಯಿತು, ಮರುದಿನ ತೀರ್ಪು ಬಂತು. ಒಬ್ಬ ಅಧಿಕಾರಿ ಹೂಂ ಅಂದ ಮಾತ್ರಕ್ಕೆ ನಿಯಮ ಬದಲಾಗುವುದಿಲ್ಲ, ಆದರೆ ಯಾರೂ ಕೆಟ್ಟ ಉದ್ದೇಶದಿಂದ ಮಾಡಿದ್ದಲ್ಲ ಅನ್ನುವುದು ಅದರ ಸಾರ. ಮರ್ಸಿಡಿಸ್‌ಗೂ ಪಿರೆಲ್ಲಿಗೂ ಛೀಮಾರಿ; ಜೊತೆಗೆ ಹೊಸ ಡ್ರೈವರ್‌ಗಳನ್ನು ಓಡಿಸಿ ನೋಡಲು ತಂಡಗಳಿಗೆ ಇದ್ದ ಯುವ ಚಾಲಕರ ಟೆಸ್ಟ್‌ನಿಂದ ಮರ್ಸಿಡಿಸ್ ಹೊರಗೆ. ವಿಚಾರಣೆಯ ಖರ್ಚನ್ನು ಮೂರು ಪಾಲು ಮಾಡಿ ಒಂದು ಪಾಲು ಎಫ್‌ಐಎ ತಲೆಗೇ ಕಟ್ಟಿದರು. ಕೇಸು ಹಾಕಿದವರೇ ಖರ್ಚು ಕೊಡಬೇಕಾಯಿತು ಅಂದರೆ ಎಡವಟ್ಟು ಎಲ್ಲಿಂದ ಶುರುವಾಯಿತು ಅಂತ ಗೊತ್ತಾಗುತ್ತದೆ. ನನಗೆ ಇರುಸುಮುರುಸು ಆಗುವುದು ಬೇರೆ ಕಡೆ. ಶಿಕ್ಷೆ ಕೊಡಲೇಬೇಕಾದರೆ ಇಷ್ಟು ಸಾಕು ಅಂತ ಮರ್ಸಿಡಿಸ್ ವಕೀಲರೇ ಸೂಚಿಸಿದ್ದರು, ಕೊನೆಗೆ ಸಿಕ್ಕಿದ್ದೂ ಅದೇ!

ಆದರೆ ಆ ಶಿಕ್ಷೆ ಆಮೇಲೆ ಭಾರವಾಯಿತು. ಜೂನ್ 30ರ ಸಿಲ್ವರ್‌ಸ್ಟೋನ್ ರೇಸ್‌ನಲ್ಲಿ ಮುಂದಿದ್ದ ಹ್ಯಾಮಿಲ್ಟನ್ ಅವರದ್ದೂ ಸೇರಿ ಹಲವು ಕಾರುಗಳ ಟೈರ್ ಸಿಡಿದವು. ಟೈರ್ ಬದಲಾಯಿಸಲೇಬೇಕಾಯಿತು. ಯುವ ಚಾಲಕರ ಟೆಸ್ಟ್‌ಗೆ ರೇಸ್ ಡ್ರೈವರ್‌ಗಳನ್ನೂ ಬಿಟ್ಟು ಹೊಸ ಟೈರ್ ನೋಡಿಸಿದರು. ಮರ್ಸಿಡಿಸ್‌ಗೆ ಮಾತ್ರ ಬಾಗಿಲು ಹಾಕಿತ್ತು. ಆ ಟೈರ್ ಬಂದ ಮೊದಲ ರೇಸ್ ಹಂಗೇರಿಯದು. ಟೆಸ್ಟೇ ಮಾಡದ ಹ್ಯಾಮಿಲ್ಟನ್ ಅಲ್ಲಿ ಪೋಲ್ ಪಡೆದು ಗೆದ್ದರು. ಇದನ್ನು ಹಿಡಿದುಕೊಂಡು ಬಾರ್ಸಿಲೋನಾದಲ್ಲೂ ಲಾಭ ಆಗಿರಲಿಲ್ಲ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಬೇರೆಯವರಿಗೆ ಸಿಗದ 1,000 ಕಿ.ಮೀ. ಒಬ್ಬರಿಗೆ ಸಿಕ್ಕಿತು, ತಪ್ಪು ಅಲ್ಲೇ ಇದೆ. 2014ರಿಂದ ಸೀಸನ್ ನಡುವೆ ಎಲ್ಲ ತಂಡಗಳಿಗೂ ಟೆಸ್ಟ್ ದಿನಗಳು ಬಂದವು, ಪಿರೆಲ್ಲಿಯ ಟೈರ್ ಕೆಲಸಕ್ಕೂ ಅದರಲ್ಲೇ ಜಾಗ ಮಾಡಿದರು.