ಕಪ್ಪೆಯೋ ಗೂಬೆಯೋ? ಬಿಡುವು ಎಣಿಸಿ

ಸಾಗರ ತಾಲ್ಲೂಕಿನ ಓದುಗರೊಬ್ಬರ ಪತ್ರದ ಸಾರ: ರಾತ್ರಿ ಎಂಟಾದ ಮೇಲೆ ಮನೆ ಹಿಂದಿನ ಬೇಣದಿಂದ ‘ಚಕ್ ಚಕ್ ಚಕ್’, ಅಂಗಳದ ಹಲಸಿನ ಮರದಿಂದ ಬಿಟ್ಟು ಬಿಟ್ಟು ‘ವುಕ್’ ಎಂಬ ಕೂಗು ಕೇಳುತ್ತದೆ. ಕೂಗು ಕೇಳಿ ಹಕ್ಕಿ ಗುರುತಿಸುವ ಮೊಬೈಲ್ ಆ್ಯಪ್ ದಿನಕ್ಕೊಂದು ಹೆಸರು ಹೇಳುತ್ತದೆ. ಎರಡನೆಯದು ಕಪ್ಪೆ ಎಂದು ಮನೆಯವರ ವಾದ. ಯಾವುದನ್ನು ನಂಬಲಿ?

ಸಂಪಾದಕರ ಉತ್ತರ:

ಆ್ಯಪ್ ವಿಚಾರ ಆಮೇಲೆ. ದೂರ, ಗಾಳಿ, ಮರಗಳ ಅಡ್ಡ ಇವೆಲ್ಲ ದನಿಯನ್ನು ಕೆಡಿಸುತ್ತವೆ. ಲಯವನ್ನು ಅಷ್ಟು ಸುಲಭಕ್ಕೆ ಕೆಡಿಸಲಾರವು. ಹಾಗಾಗಿ ದನಿ ಇಂಪೋ ಕರ್ಕಶವೋ ಎಂದು ಬರೆದಿಡುವುದಕ್ಕಿಂತ ಎರಡು ಕೂಗಿನ ನಡುವಿನ ಬಿಡುವು ಎಣಿಸಿ.

ಬೇಣದ ‘ಚಕ್ ಚಕ್’ ನತ್ತಿಂಗದ್ದೇ (ಇಂಗ್ಲಿಷಿನ ನೈಟ್‌ಜಾರ್, ರಾತ್ರಿ ಹುಳ ಹಿಡಿಯುವ ಹಕ್ಕಿ) ಇರಬೇಕು. ಯಾವ ನತ್ತಿಂಗ ಎಂಬುದಕ್ಕೆ ಕೂಗನ್ನು ಕೊನೆಯವರೆಗೂ ಕೇಳಬೇಕು. ಸಿಮೆಂಟ್ ನೆಲಕ್ಕೆ ಬಿಟ್ಟ ಟೇಬಲ್ ಟೆನ್ನಿಸ್ ಚೆಂಡಿನ ಹಾಗೆ ಬಡಿತ ಬರಬರುತ್ತ ಒತ್ತೊತ್ತಾಗಿ ಮುಗಿದರೆ ಇಂಡಿಯನ್ ನೈಟ್‌ಜಾರ್. ದೂರದ ಡೀಸೆಲ್ ಪಂಪಿನಂತೆ ಒಂದೇ ಸಮ ಬಡಿಯುತ್ತಿದ್ದರೆ ಜಂಗಲ್ ನೈಟ್‌ಜಾರ್. ನಿಮ್ಮ ಕಾಡಂಚಿಗೆ ಇದೇ ಹೆಚ್ಚು ಹೊಂದುತ್ತದೆ. ಕತ್ತಲಾದ ಮೊದಲ ಅರ್ಧ ಗಂಟೆ ಮತ್ತು ಬೆಳಗಿನ ಜಾವ ಕೇಳಿ. ಬೆಳದಿಂಗಳಿದ್ದರೆ ಇನ್ನೂ ಹೊತ್ತು ಕೂಗುತ್ತವೆ, ಹುಳ ಹಿಡಿಯಲು ಅವಕ್ಕೆ ಬೆಳಕು ಬೇಕಲ್ಲ.

ಹಲಸಿನ ಮರದ್ದು ನಿಜಕ್ಕೂ ಕಷ್ಟದ ಪ್ರಶ್ನೆ. ಮನೆಯವರನ್ನು ಹಗುರಾಗಿ ತಳ್ಳಿಹಾಕಬೇಡಿ. ಇಂಡಿಯನ್ ಸ್ಕಾಪ್ಸ್ ಗೂಬೆಯ ಕೂಗು ಕಪ್ಪೆಯದರಂತೆಯೇ ಇರುತ್ತದೆ: ಒಂದೇ ‘ವುಕ್?’, ಏನೋ ಕೇಳಿದ ಹಾಗೆ. ಮೊಬೈಲಿನ ಸ್ಟಾಪ್‌ವಾಚ್‌ನಲ್ಲಿ ಹತ್ತು ಬಿಡುವು ಅಳೆಯಿರಿ. ಕೆಲವು ಸೆಕೆಂಡಿನ ಬಿಡುವು ಹೆಚ್ಚುಕಮ್ಮಿ ಸಮವಾಗಿದ್ದು, ಕೂಗು ನಿಮಿಷಗಟ್ಟಲೆ ಒಂದೇ ಕೊಂಬೆಯಿಂದ ಬಂದರೆ ಗೂಬೆ. ಬಿಡುವು ಅಡ್ಡಾದಿಡ್ಡಿಯಾಗಿದ್ದು, ಮಳೆ ಬಿದ್ದ ರಾತ್ರಿ ನಾಲ್ಕು ಕಡೆಯಿಂದ ಉತ್ತರ ಬಂದರೆ ಕಪ್ಪೆ. ಕೂಗು ಎರಡು ತುಂಡಾಗಿ, ‘ಊ-ವುಕ್, ಊ-ವುಕ್’ ಎಂದು ಒಂದರ ಹಿಂದೊಂದು ಹತ್ತಾರು ಸಲ ಬಂದರೆ ಬ್ರೌನ್ ಹಾಕ್ ಗೂಬೆ. ಬುಡುಬುಡಿಕೆಯವರು ಶಕುನ ಹೇಳುವ ಹಾಲಕ್ಕಿ ಎಂಬ ಸಣ್ಣ ಗೂಬೆಯದು ಕಚಪಚ ಜಗಳ, ನೀವು ಕೇಳಿದ ಕೂಗಿಗೆ ಅದು ಹೊಂದುವುದಿಲ್ಲ.

ಈಗ ಆ್ಯಪ್. ತಪ್ಪು ಬಹುಪಾಲು ರೆಕಾರ್ಡಿಂಗಿನದು. ಮಾತಿಗೆಂದು ಇರುವ ನಾಯ್ಸ್ ರಿಡಕ್ಷನ್ ಸಣ್ಣ, ತಗ್ಗಿದ ಕೂಗನ್ನು ಗದ್ದಲವೆಂದು ಅಳಿಸಬಹುದು; ಆಫ್ ಮಾಡಿ. ದನಿಯನ್ನು ಕುಗ್ಗಿಸದೆ ಉಳಿಸುವ ಡಬ್ಲ್ಯುಎವಿ (WAV) ಫೈಲ್ ಆಯ್ದುಕೊಳ್ಳಿ. ಕೈಯಲ್ಲಿ ಹಿಡಿದರೆ ಬೆರಳು ಉಜ್ಜುವ ಸದ್ದೇ ದೊಡ್ಡದಾಗುತ್ತದೆ. ಮಡಚಿದ ಟವೆಲ್ ಮೇಲಿಟ್ಟು, ಮೈಕ್ ಇರುವ ತುದಿಯನ್ನು ಮರದ ಕಡೆ ತಿರುಗಿಸಿ, ಕನಿಷ್ಠ 2 ನಿಮಿಷ ಬಿಡಿ. ಸ್ಪೆಕ್ಟ್ರೋಗ್ರಾಮ್‌ನಲ್ಲಿ, ಅಂದರೆ ಕೀರಲು ದನಿ ಮೇಲೆ, ತಗ್ಗು ದನಿ ಕೆಳಗೆ ಕಾಣುವ ಸದ್ದಿನ ಚಿತ್ರದಲ್ಲಿ, ಮೇಲೆ ಎಳೆದ ದಪ್ಪ ಪಟ್ಟಿ ಜೀರುಂಡೆ. ಗೂಬೆ ಕೆಳಗೆ, 1 ಕಿಲೋಹರ್ಟ್ಸ್ ಆಸುಪಾಸಿನಲ್ಲಿ, ಸಣ್ಣ ಸಣ್ಣ ಗೀಟಾಗಿ ಕಾಣುತ್ತದೆ.

ಕೂಗಿನ ರೆಕಾರ್ಡಿಂಗ್ ಹಾಕಿ ಹಕ್ಕಿಯನ್ನು ಕರೆಯಬೇಡಿ. ಎದುರಾಳಿ ಬಂತೆಂದು ಅದು ಮೊಟ್ಟೆ, ಮರಿ ಬಿಟ್ಟು ಏಳುತ್ತದೆ.

ಫೈಲನ್ನು ನಮಗೂ ಕಳಿಸಿ. ವಾಟ್ಸ್‌ಆ್ಯಪ್‌ನಲ್ಲಾದರೆ ವಾಯ್ಸ್ ನೋಟ್ ಬೇಡ, ಡಾಕ್ಯುಮೆಂಟ್ ಆಗಿ ಕಳಿಸಿ. ಕೊನೆಯಲ್ಲಿ ತಾರೀಕು, ಸಮಯ, ಮರ ಯಾವುದೆಂದು ಬಾಯಲ್ಲೇ ಹೇಳಿಬಿಡಿ.